ಜಲಜನಕದ ಬಂಧವೂ ನಮ್ಮ ಶರೀರವೂ

ಕುಚ್ಚಲಕ್ಕಿಯ ಗಂಜಿತಿಳಿಯಲ್ಲಿ ಅದ್ದಿ ಒಣಗಿಸಿದ ಹತ್ತಿಯ ಸೀರೆಯು ಸೆಟೆದು ನಿಲ್ಲುವುದೂ, ನೀರು ಚಿಮುಕಿಸಿದೊಡನೆ ಮೆತ್ತಗಾಗುವುದೂ ಮಣ್ಣಗುಡ್ಡದ ಮನೆಗಳಲ್ಲಿ ಯಾರಿಗೆ ತಿಳಿಯದು? ಗಂಜಿಯ ಅಣುಗಳೂ ಹತ್ತಿಯ ಅಣುಗಳೂ ಒಂದನ್ನೊಂದು ಹಿಡಿದುಕೊಂಡಿರುವುದೇ ಆ ಬಿರುಸಿಗೆ ಒಂದು ಮುಖ್ಯ ಕಾರಣವು. ಆಮ್ಲಜನಕಕ್ಕಾಗಲಿ ಸಾರಜನಕಕ್ಕಾಗಲಿ ಅಂಟಿದ ಜಲಜನಕವು ಸಮೀಪದಲ್ಲಿರುವ ಅಂಥ ಮತ್ತೊಂದು ಪರಮಾಣುವಿನ ಕಡೆಗೂ ಸೆಳೆಯಲ್ಪಡುತ್ತದೆ. ಈ ಸೆಳೆತಕ್ಕೆ ಜಲಜನಕ ಬಂಧವೆಂದು ಹೆಸರು. ಅಣುವಿನೊಳಗಣ ಗಟ್ಟಿ ಬಂಧಗಳ ಮುಂದೆ ಇದು ಬಹಳ ದುರ್ಬಲವಾದುದು. ನೀರು ಬಂದರೆ ನೀರಿನ ಕೈಹಿಡಿದು ಹಳೆಯ ಜೊತೆಯನ್ನು ಬಿಟ್ಟುಬಿಡುತ್ತದೆ.

ಆದರೆ ಜೀವಕ್ಕೆ ಬೇಕಾದುದು ಈ ಸಡಿಲತನವೇ. ವಂಶಗುಣಗಳನ್ನು ಹೊತ್ತ ಡಿ. ಎನ್. ಎ. ಎಂಬ ಅಣುವಿನ ಎರಡು ಎಳೆಗಳು ಇಂಥ ಬಂಧಗಳಿಂದ ಜೋಡಿಗೊಂಡಿರುವುದರಿಂದಲೇ, ನಕಲು ತೆಗೆಯುವ ಕಾಲಕ್ಕೆ ಅವು ಹರಿಯದೆ ಬಿಚ್ಚಿಕೊಳ್ಳುತ್ತವೆ.

ಹೆತ್ತವರು ಹೆಚ್ಚು ಗಮನಿಸತಕ್ಕುದು ಕೊಲಾಜೆನ್ ಎಂಬ ಪ್ರೋಟೀನನ್ನು. ಚರ್ಮ, ಎಲುಬು, ವಸಡುಗಳ ಬಲವೆಲ್ಲ ಬಹುಮಟ್ಟಿಗೆ ಇದರದೇ. ಇದು ಮೂರೆಳೆಯ ಹಗ್ಗವೆಂದು ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಇವರು 1954-55ರಲ್ಲಿ ತೋರಿಸಿದರು. (ನಮ್ಮ ಹುಡುಗಿಯರ ಜಡೆಯಂತೆ ಹೆಣೆದುದಲ್ಲ, ಹೊಸೆದುದು.) ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವಿರುತ್ತದೆ, ಹಗ್ಗದ ಇಕ್ಕಟ್ಟಾದ ನಡುವಿನಲ್ಲಿ ಬೇರೆ ಯಾವುದಕ್ಕೂ ಸ್ಥಳವಿಲ್ಲ. ಅಲ್ಲಿಯೇ ಜಲಜನಕ ಬಂಧಗಳು ಎಳೆಯನ್ನು ಎಳೆಗೆ ಕಟ್ಟುತ್ತವೆ.

ಎಳೆಗಳಲ್ಲಿರುವ ಪ್ರೋಲೀನ್ ಎಂಬ ಇನ್ನೊಂದು ಅಮೈನೋ ಆಮ್ಲಕ್ಕೆ ಶರೀರವು ಆಮ್ಲಜನಕವನ್ನು ಸೇರಿಸುತ್ತದೆ. ಆ ಕೆಲಸಕ್ಕೆ 'ಸಿ' ಜೀವಸತ್ತ್ವವು ಬೇಕು. ಅದಿಲ್ಲದೆ ಹುಟ್ಟಿದ ಹಗ್ಗವು ದೇಹದ ಶಾಖಕ್ಕೇ ಬಿಚ್ಚಿಹೋಗುತ್ತದೆ. ವಸಡಿನಲ್ಲಿ ರಕ್ತ ಒಸರುತ್ತದೆ, ಗಾಯಗಳು ಮಾಯುವುದಿಲ್ಲ. ಸ್ಕರ್ವಿ ರೋಗವೆಂಬುದು ಇದೇ. ಗಂಜಿ, ಒಣಮೀನುಗಳಲ್ಲಿ ಈ ಸತ್ತ್ವವು ಇಲ್ಲವೆಂದೇ ಹೇಳಬೇಕು. ನೆಲ್ಲಿಕಾಯಿ, ಪೇರಳೆಗಳಲ್ಲಿ ಧಾರಾಳವಾಗಿದೆ. ಮಕ್ಕಳ ಊಟದಲ್ಲಿ ಇವನ್ನು ಬರಿಯ ಬಾಯಿಚಪಲವೆಂದು ಎಣಿಸಕೂಡದು.

ಸೇರಿದ ಆ ಆಮ್ಲಜನಕವು ಹಗ್ಗವನ್ನು ಹೇಗೆ ಬಿಗಿಯುತ್ತದೆ? ನೀರಿನ ಅಣುಗಳು ಮಧ್ಯೆ ನಿಂತು ಜಲಜನಕ ಬಂಧಗಳಿಂದ ಎಳೆಗಳನ್ನು ಜೋಡಿಸುತ್ತವೆಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದ ರಾಮಚಂದ್ರನ್ನರೂ ಅವರ ಜೊತೆಗಾರರೂ 1973ರಲ್ಲಿ ಊಹಿಸಿದರು. ಸೊಗಸಾದ ಊಹೆ. ಆದರೆ 1998ರಲ್ಲಿ ಅಮೇರಿಕದ ವಿಜ್ಞಾನಿಗಳು ಆ ಸ್ಥಳದಲ್ಲಿ, ಇಂಥ ಬಂಧಕ್ಕೆ ಅಷ್ಟಾಗಿ ಒಲಿಯದ ಫ್ಲೋರಿನನ್ನು ಇರಿಸಿ ನೋಡಿದಾಗ ಹಗ್ಗವು ಇನ್ನಷ್ಟು ಬಿಗಿಯಾಯಿತು! ಎಳೆಯನ್ನು ತಕ್ಕ ಆಕಾರಕ್ಕೆ ಮೊದಲೇ ಬಾಗಿಸಿಡುವುದೇ ಅದರ ಮುಖ್ಯ ಕೆಲಸವೆಂದು ಇದರಿಂದ ತಿಳಿಯಿತು. ಹಗ್ಗದ ನಡುವಣ ಜಲಜನಕ ಬಂಧಗಳ ಮಾತು ಮಾತ್ರ ಇದರಿಂದ ಕದಲಲಿಲ್ಲ.