ಒರೆಗಲ್ಲಿನಿಂದ ಎಕ್ಸ್-ರೇವರೆಗೆ

ಕಾಮರ್ಸ್ ಓದುವವನಿಗೆ ರಸಾಯನ ಶಾಸ್ತ್ರದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಕನ್ನಡ ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ ಎಂದು ಬಾಯಿಪಾಠ ಮಾಡಿದ್ದೇ ಕೊನೆ; ಆಮೇಲೆ ನನ್ನ ಪಾಲಿಗೆ ಉಳಿದದ್ದು ಡೆಬಿಟ್ ಮತ್ತು ಕ್ರೆಡಿಟ್.

ಆದರೆ ಕಳೆದ ವರ್ಷ ನನ್ನ ಫೀಸಿಗಾಗಿ ಅಮ್ಮನ ನಾಲ್ಕು ಬಳೆಗಳನ್ನು ಅಡವಿಡುವ ಪ್ರಸಂಗ ಬಂತು. ಊರಲ್ಲಿ ಅಜ್ಜಿ ಕೊಟ್ಟ ಹಳೆಯ ಬಳೆಗಳು, ತೂಕ 40 ಗ್ರಾಂ. ಒಂದು ಅಂಗಡಿಯವನು ಕಲ್ಲಿಗೆ ಉಜ್ಜಿ "18 ಕ್ಯಾರೆಟ್" ಅಂದ. ಇನ್ನೊಬ್ಬನು ಅದೇ ಬಳೆ ಉಜ್ಜಿ "22" ಅಂದ. ಶುದ್ಧ ಚಿನ್ನ 24 ಕ್ಯಾರೆಟ್ ಎಂದು ಹಿಡಿದರೆ, ಮೊದಲನೆಯವನ ಲೆಕ್ಕದಲ್ಲಿ ಬಳೆಯಲ್ಲಿರುವ ಚಿನ್ನ 30 ಗ್ರಾಂ. ಎರಡನೆಯವನ ಲೆಕ್ಕದಲ್ಲಿ 36 ಗ್ರಾಂ ದಾಟುತ್ತದೆ. ಬಳೆ ಒಂದೇ, ಆರು ಗ್ರಾಮಿಗಿಂತ ಹೆಚ್ಚು ಅಂತರ! ಇದು ನಮ್ಮಂಥವರ ಮನೆಯಲ್ಲಿ ಸಣ್ಣ ಮಾತಲ್ಲ.

ಇದರಲ್ಲಿ ಏನಿದೆ? ಎಷ್ಟಿದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಶಾಸ್ತ್ರಕ್ಕೇ ವಿಶ್ಲೇಷಣ ರಸಾಯನ ಶಾಸ್ತ್ರ ಎಂದು ಹೆಸರು. ಮೊದಲನೆಯದು ಗುಣದ ಪ್ರಶ್ನೆ, ಎರಡನೆಯದು ಪ್ರಮಾಣದ ಪ್ರಶ್ನೆ. ಹಾಲಿಗೆ ನೀರು, ಔಷಧಿಯ ಸತ್ವ, ನಳದ ನೀರಿನ ಕ್ಲೋರಿನ್ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ನಾನು ಚಿನ್ನದ ಮಾತನ್ನಷ್ಟೇ ಹೇಳುತ್ತೇನೆ.

ಎಲ್ಲಕ್ಕಿಂತ ಹಳೆಯ ಉಪಕರಣ ಒರೆಗಲ್ಲು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಅದರ ವಿಚಾರವಿದೆ. ಒರೆಯಲ್ಲಿ ಮೋಸ ಮಾಡುವ ಬಗೆಗಳನ್ನೂ ಅಲ್ಲಿ ಹೇಳಿದೆ. ಕಪ್ಪು ಕಲ್ಲಿನ ಮೇಲೆ ಒಡವೆಯನ್ನು ಎಳೆದರೆ ಒಂದು ಗೆರೆ ಮೂಡುತ್ತದೆ. ಪಕ್ಕದಲ್ಲಿ ಶುದ್ಧತೆ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ಆಮ್ಲ ಹಚ್ಚುತ್ತಾರೆ. ನೈಟ್ರಿಕ್ ಆಮ್ಲ ತಾಮ್ರ, ಬೆಳ್ಳಿಗಳನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಯಾವ ಗೆರೆ ಎಷ್ಟು ಮಾಸಿತು ಎಂದು ಕಣ್ಣಳತೆಯಲ್ಲೇ ನಿರ್ಧಾರ. ಖರ್ಚಿಲ್ಲ, ಹೊತ್ತು ಹಿಡಿಯುವುದಿಲ್ಲ, ಆದರೆ ನೋಡುವವನ ಕಣ್ಣು ಮತ್ತು ಮನಸ್ಸು ಎರಡೂ ನೆಟ್ಟಗಿರಬೇಕು.

ಸಾಂದ್ರತೆ ನೋಡುವುದು ಇನ್ನೊಂದು ದಾರಿ. ಒಂದು ಘನ ಸೆಂಟಿಮೀಟರ್ ಚಿನ್ನದ ತೂಕ 19.3 ಗ್ರಾಂ, ಬೆಳ್ಳಿಯದು 10.5. ಆದರೆ ಟಂಗ್‌ಸ್ಟನ್ ಎಂಬ ಅಗ್ಗದ ಲೋಹವೂ ಹತ್ತಿರ ಹತ್ತಿರ ಅಷ್ಟೇ ಭಾರ, 19.25. ಒಳಗೆ ಅದನ್ನು ತುಂಬಿದರೆ ತಕ್ಕಡಿ ಮೋಸಹೋಗುತ್ತದೆ.

ಅತ್ಯಂತ ನಂಬಿಕೆಯದು ಅಗ್ನಿಪರೀಕ್ಷೆ. 'ಪುಟಕ್ಕಿಟ್ಟ ಚಿನ್ನ' ಎಂದು ನಾವು ಹೇಳುವುದಿಲ್ಲವೆ, ಆ ಜಾತಿಯದೇ. ಒಡವೆಯಿಂದ ಸುಮಾರು ಕಾಲು ಗ್ರಾಂ ಕತ್ತರಿಸಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. ಅದಕ್ಕೆ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಬೂದಿ ಅಥವಾ ಮೆಗ್ನೀಷಿಯದ ಪುಟ್ಟ ಬಟ್ಟಲಲ್ಲಿಟ್ಟು ಸಾವಿರ ಡಿಗ್ರಿ ಮೀರಿದ ಕುಲುಮೆಗೆ ಹಾಕುತ್ತಾರೆ. ಸೀಸವು ಗಾಳಿಯ ಆಮ್ಲಜನಕದೊಡನೆ ಕೂಡಿ ತಾಮ್ರವನ್ನೂ ಎಳೆದುಕೊಂಡು ಬಟ್ಟಲಿನೊಳಗೆ ಇಂಗಿಹೋಗುತ್ತದೆ. ಚಿನ್ನ-ಬೆಳ್ಳಿಯ ಮಣಿಯೊಂದೇ ಉಳಿಯುತ್ತದೆ. ಅದನ್ನು ತಟ್ಟಿ ತೆಳ್ಳಗೆ ಮಾಡಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿಯೂ ಹೋಯಿತು. ಉಳಿದದ್ದನ್ನು ಮತ್ತೆ ತೂಗುವುದು. 250 ಮಿಲಿಗ್ರಾಂ ಇಟ್ಟು 229 ಸಿಕ್ಕಿದರೆ ಸಾವಿರಕ್ಕೆ 916, ಅಂದರೆ 22 ಕ್ಯಾರೆಟ್. ನಮ್ಮ ಜಮಾ-ಖರ್ಚಿನ ಹಾಗೇ: ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು.

ಹೊಸ ವಿಧಾನ ಎಕ್ಸ್-ರೇ ಯಂತ್ರದ್ದು. ಎಕ್ಸ್ ಕಿರಣ ಬಿದ್ದಾಗ ಪರಮಾಣುವಿನ ಒಳಸುತ್ತಿನ ಇಲೆಕ್ಟ್ರಾನ್ ಹೊರಬೀಳುತ್ತದೆ. ಹೊರಸುತ್ತಿನದು ಆ ಜಾಗಕ್ಕೆ ಇಳಿಯುವಾಗ ತನ್ನದೇ ಶಕ್ತಿಯ ಕಿರಣ ಬಿಡುತ್ತದೆ. ಚಿನ್ನದ್ದು ಬೇರೆ, ತಾಮ್ರದ್ದು ಬೇರೆ. ಯಂತ್ರ ಈ ಸಹಿಗಳನ್ನು ಓದಿ ಪ್ರಮಾಣ ಹೇಳುತ್ತದೆ. ಒಡವೆಗೆ ಒಂದು ಗೀರೂ ಬೀಳದು. ಆದರೆ ಅದು ನೋಡುವುದು ಮೇಲ್ಮೈಯನ್ನು ಮಾತ್ರ, ಕೂದಲೆಳೆಯ ದಪ್ಪದಷ್ಟೂ ಆಳಕ್ಕೆ ಇಳಿಯುವುದಿಲ್ಲ. ದಪ್ಪ ಲೇಪದ ಕೆಳಗೆ ಏನಿದೆಯೋ ಅದಕ್ಕೆ ತಿಳಿಯದು.

ನಾನೂ ಅಮ್ಮನೂ ಉಪನಗರದ ಒಂದು ಹಾಲ್‌ಮಾರ್ಕ್ ಕೇಂದ್ರಕ್ಕೆ ಹೋದೆವು. ಅಲ್ಲಿದ್ದವರು ಬಳೆಯನ್ನು ನಾಲ್ಕು ಕಡೆ ತಿರುಗಿಸಿ ಯಂತ್ರಕ್ಕೆ ತೋರಿಸಿದರು. ಮೂರು ಕಡೆ 910ರ ಆಸುಪಾಸು. ಒಂದು ಕಡೆ ಮಾತ್ರ 760! ಅದು ಬೆಸುಗೆ ಹಾಕಿದ ಜಾಗ. ಬೇಗ ಕರಗಲೆಂದು ಬೆಸುಗೆಯ ಚಿನ್ನಕ್ಕೆ ಬೇರೆ ಲೋಹ ಹೆಚ್ಚು ಬೆರೆಸುತ್ತಾರಂತೆ. ಮೊದಲ ಅಂಗಡಿಯವನು ಉಜ್ಜಿದ್ದು ಸರಿಯಾಗಿ ಅಲ್ಲಿಯೇ. ಬೇಕೆಂದೋ, ಗೊತ್ತಿಲ್ಲದೆಯೋ, ದೇವರೇ ಬಲ್ಲ. ಅವನ ಕಲ್ಲು ಸುಳ್ಳು ಹೇಳಿರಲಿಲ್ಲ, ಆಮ್ಲವೂ ಹೇಳಿರಲಿಲ್ಲ. ಆರಿಸಿದ ಜಾಗ ಸುಳ್ಳಾಗಿತ್ತು. ನಾನು ಕಲಿತ ಮುಖ್ಯ ಪಾಠ ಇದೇ: ಯಂತ್ರ ಎಷ್ಟೇ ದೊಡ್ಡದಿರಲಿ, ಪರೀಕ್ಷೆಗೆ ಕೊಟ್ಟ ತುಣುಕು ಇಡೀ ವಸ್ತುವಿನ ಪ್ರತಿನಿಧಿಯಾಗಿರಬೇಕು. ಅಮ್ಮ ಅನ್ನದ ಒಂದು ಅಗುಳು ಹಿಚುಕುವ ಮೊದಲು ಪಾತ್ರೆಯನ್ನು ಮೇಲೆ ಕೆಳಗೆ ಮಾಡುವುದೂ ಇದಕ್ಕೇ.

"ಪಕ್ಕಾ ಬೇಕಾದರೆ ಸ್ವಲ್ಪ ಕತ್ತರಿಸಬೇಕು" ಎಂದು ಅವರು ಹೇಳಿದಾಗ ಅಮ್ಮ ನನ್ನ ಮುಖ ನೋಡಿದರು. "ಅಜ್ಜಿ ಕೊಟ್ಟದ್ದು ಮಾರಾಯ, ಕತ್ತರಿಸುವುದು ಬೇಡ" ಅಂದರು. ನಾವು ಆ ರಿಪೋರ್ಟನ್ನೇ ಹಿಡಿದು ಎರಡನೆಯ ಅಂಗಡಿಗೆ ಹೋದೆವು. ಫೀಸು ಕಟ್ಟಿ ಆಯಿತು. ಬಳೆ ಬಿಡಿಸಿಕೊಳ್ಳುವುದು ಇನ್ನೂ ಬಾಕಿ ಇದೆ.

ಎಲ್ಲ ಅಳತೆಗೂ ನಂಬಬಹುದಾದ ಒಂದು ಮೂಲಮಾದರಿ ಬೇಕಲ್ಲ. ಹತ್ತು ಸಾವಿರದಲ್ಲಿ 9999 ಪಾಲು ಶುದ್ಧವಾದ ಚಿನ್ನದ ಭಾರತೀಯ ಮಾದರಿಯನ್ನು ಸಿದ್ಧಪಡಿಸುವುದರಲ್ಲಿ ನಮ್ಮ ಕೋಟೆ ಭಾಗದ ಟಂಕಸಾಲೆಯೂ, ಬಿ.ಎ.ಆರ್.ಸಿ.ಯೂ ಪಾಲುಗೊಂಡಿವೆ. ಹಾಲ್‌ಮಾರ್ಕ್ ಪದ್ಧತಿ 2000ದಲ್ಲಿ ಬಂತು, 2021ರ ಜೂನ್ 16ರಿಂದ ಹಂತ ಹಂತವಾಗಿ ಕಡ್ಡಾಯವಾಯಿತು. ಈಗ ಹೊಸ ಒಡವೆ ಕೊಳ್ಳುವಾಗ ಮೂರು ಗುರುತು ನೋಡಿ: ಬಿ.ಐ.ಎಸ್. ಚಿಹ್ನೆ, 916ರಂಥ ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಗಳ ಸಂಖ್ಯೆ. ಹಳೆಯ ಒಡವೆಯಾದರೆ ಮೊದಲು ಪರೀಕ್ಷೆ, ಆಮೇಲೆ ಬೆಲೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಲು ಯಾವುದು, ನೀರು ಎಷ್ಟು ಎಂಬುದನ್ನು ನಮ್ಮ ಸೈನ್ಸಿನ ಗೆಳೆಯರು ಮುಂದಿನ ಸಂಚಿಕೆಯಲ್ಲಿ ಬರೆಯಲಿ.