ಎಲ್ಲರ ಹಕ್ಕಿನ ಹೊಳೆ ಔಸಾಬಲ್

ಜೂನ್ ಕೊನೆಯ ವಾರ. ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದಲ್ಲಿ ಆಗ ಪೂರ್ತಿ ಕತ್ತಲಾಗುವುದು ರಾತ್ರಿ ಹತ್ತರ ಮೇಲೆ. ಗ್ರೇಲಿಂಗ್ ಊರಿನ ಮಗ್ಗುಲಲ್ಲಿ ಹರಿಯುವ ಔಸಾಬಲ್ ಹೊಳೆಯಲ್ಲಿ ಆ ಹೊತ್ತಿಗೆ ಉದ್ದನೆಯ ಮರದ ದೋಣಿಗಳು ಸದ್ದಿಲ್ಲದೆ ಕಾದಿರುತ್ತವೆ. ಅಲ್ಲಿನವರು ಹೆಕ್ಸ್ ಎಂದು ಕರೆಯುವ ದೊಡ್ಡ ಮೇಫ್ಲೈ ಹುಳು ಏಳುವ ಕಾಲವದು. ಹೊಳೆಯಂಚಿನ ಕೆಸರಿನಲ್ಲಿ ಬಿಲ ಕೊರೆದು ಸುಮಾರು ಎರಡು ವರ್ಷ ಬೆಳೆದ ಮರಿಹುಳು ಮೇಲೆ ಬಂದು, ಪೊರೆ ಕಳಚಿ, ರೆಕ್ಕೆ ಬಿಚ್ಚುತ್ತದೆ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಒಂದೆರಡು ದಿನದಲ್ಲಿ ಜೊತೆಗೂಡಿ, ಮೊಟ್ಟೆಯಿಟ್ಟು, ನೀರಿಗೆ ಬಿದ್ದು ಸಾಯುತ್ತದೆ. ಹಗಲಿಡೀ ನೀರೊಳಗಿನ ಕೊರಡುಗಳ ಅಡಿಯಲ್ಲಿ ಅಡಗುವ ದೊಡ್ಡ ಬ್ರೌನ್ ಟ್ರೌಟ್ ಮೀನುಗಳು ಈ ಹುಳುವಿನಾಸೆಗೆ ಹೊರಬರುತ್ತವೆ. ಕತ್ತಲಲ್ಲಿ ಮೀನು ಕಾಣದು. ಅದು ಹುಳು ನುಂಗುವ ಗುಳುಕ್ ಸದ್ದು ಎಲ್ಲಿಂದ ಬಂತೋ ಆ ಕಡೆಗೆ ಗಾಳ ಎಸೆಯಬೇಕು. ಗಾಳದ ತುದಿಯಲ್ಲಿ ಎರೆಹುಳುವಿರುವುದಿಲ್ಲ. ದಾರ, ಗರಿ, ಜಿಂಕೆಯ ಕೂದಲು ಸುತ್ತಿ ಕಟ್ಟಿದ ಕೃತಕ ಹುಳು ಇರುತ್ತದೆ.

ದೋಣಿಯೂ ಈ ಹೊಳೆಗೆಂದೇ ಹುಟ್ಟಿದ್ದು. 20 ಅಡಿಗೂ ಮೀರಿದ ಉದ್ದ, ತೀರಾ ಕಡಿಮೆ ಅಗಲ, ಚಪ್ಪಟೆ ತಳ. ಗಾಳ ಹಾಕುವವರು ಮುಂದೆ, ಜಲ್ಲೆ ಹಿಡಿದ ಅಂಬಿಗ ಹಿಂದೆ. ಹಿಂಬದಿಯಿಂದ ಒಂದು ಕಬ್ಬಿಣದ ಸರಪಳಿ ನೀರಿಗೆ ಇಳಿಬಿಟ್ಟಿರುತ್ತದೆ. ಅದು ತಳದ ಕಲ್ಲುಮರಳಿನ ಮೇಲೆ ಎಳೆದಾಡಿಕೊಂಡು ಬರುವುದರಿಂದ ದೋಣಿ ನೀರಿನ ಓಟಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಸರಪಳಿ ಹೆಚ್ಚು ಬಿಟ್ಟರೆ ವೇಗ ತಗ್ಗುತ್ತದೆ, ಮೇಲೆಳೆದರೆ ಹೆಚ್ಚುತ್ತದೆ. ಮರದ ದಿಮ್ಮಿ ಸಾಗಿಸುವವರ ಕಾಲದಿಂದ ಉಳಿದುಬಂದ ಜಾಣ್ಮೆಯಿದು.

ಮರಳು ಕೊಟ್ಟ ತಂಪು

ಔಸಾಬಲ್ ದೊಡ್ಡ ನದಿಯೇನಲ್ಲ. ಸುಮಾರು 220 ಕಿಲೋಮೀಟರ್ ಹರಿದು ಆಸ್ಕೋಡ ಊರಿನಲ್ಲಿ ಹ್ಯೂರನ್ ಸರೋವರ ಸೇರುತ್ತದೆ. ಮೇಲ್ಭಾಗದ ಬಹಳಷ್ಟು ಕಡೆ ನಡೆದೇ ದಾಟಬಹುದು. ಹಿಮಯುಗದ ನೀರ್ಗಲ್ಲುಗಳು ಕರಗಿದಾಗ ಇಲ್ಲಿ ಆಳವಾದ ಮರಳಿನ ನೆಲ ಉಳಿಯಿತು. ಬಿದ್ದ ಮಳೆ, ಕರಗಿದ ಹಿಮ ಆ ಮರಳಿನಲ್ಲಿ ಇಂಗಿ, ಒರತೆಯಾಗಿ ಹೊಳೆಗೆ ಬರುತ್ತದೆ. ಹಾಗಾಗಿ ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ, ದೊಡ್ಡ ನೆರೆ ಅಪರೂಪ. ಟ್ರೌಟ್‌ಗೆ ಬೇಕಾದದ್ದು ಇಂಥ ನೀರೇ.

ಆದರೆ ಟ್ರೌಟ್ ಇಲ್ಲಿನ ಮೂಲನಿವಾಸಿಯಲ್ಲ. ಮೊದಲು ಈ ನೀರು ಗ್ರೇಲಿಂಗ್ ಎಂಬ ಮೀನಿನದಾಗಿತ್ತು. ಬೆನ್ನ ಮೇಲೆ ಬಣ್ಣದ ದೊಡ್ಡ ಈಜುರೆಕ್ಕೆಯ ಚೆಲುವಿನ ಮೀನು. 1870ರ ದಶಕದಲ್ಲಿ ರೈಲು ಬಂತು. ನಗರದಿಂದ ಬಂದವರು ಪೆಟ್ಟಿಗೆಗಟ್ಟಲೆ ಮೀನು ಹಿಡಿದೊಯ್ದರು. ಅದಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಮರದ ವ್ಯಾಪಾರ. ಕಡಿದುರುಳಿಸಿದ ಬಿಳಿ ಪೈನ್ ಮರಗಳ ದಿಮ್ಮಿಗಳನ್ನು ವಸಂತದ ತುಂಬುನೀರಿನಲ್ಲಿ ತೇಲಿಬಿಡುತ್ತಿದ್ದರು. ಗ್ರೇಲಿಂಗ್ ಮೊಟ್ಟೆಯಿಡುವುದೂ ಅದೇ ವಸಂತದಲ್ಲಿ. ದಿಮ್ಮಿಗಳು ತಳವನ್ನು ಉತ್ತುಹಾಕಿದವು, ಬೋಳಾದ ದಡದಿಂದ ಮರಳು ಕುಸಿಯಿತು, ನೆರಳಿಲ್ಲದೆ ನೀರು ಬಿಸಿಯೇರಿತು. 1930ರ ದಶಕದ ಹೊತ್ತಿಗೆ ಇಡೀ ಮಿಷಿಗನ್‌ನಲ್ಲಿ ಗ್ರೇಲಿಂಗ್ ನಾಶವಾಗಿತ್ತು. ಈಗ ಇಲ್ಲಿರುವ ಬ್ರೌನ್ ಟ್ರೌಟ್ ಜರ್ಮನಿಯಿಂದ ಬಂದದ್ದು. 1884ರಲ್ಲಿ ಇದೇ ರಾಜ್ಯದ ಪೇರ್ ಮಾರ್ಕೆಟ್ ನದಿಗೆ ಮೊದಲು ಬಿಡಲಾಯಿತು.

ದಿಮ್ಮಿ ತಂದ ಹಕ್ಕು

ಮೀನಿನ ಕುಲವನ್ನೇ ಅಳಿಸಿದ ಆ ದಿಮ್ಮಿಗಳು ಜನಸಾಮಾನ್ಯರಿಗೆ ಒಂದು ಹಕ್ಕನ್ನೂ ಬಿಟ್ಟುಹೋದವು. 1925ರಲ್ಲಿ ಗೆರ್ಹಾರ್ಟ್ ಎಂಬಾತ ಮಿಷಿಗನ್‌ನ ಪೈನ್ ನದಿಯಲ್ಲಿ ನೀರಿಗಿಳಿದು ಗಾಳ ಹಾಕುತ್ತ ಸಾಗಿದರು. ಎರಡೂ ದಡದ ಜಮೀನು ಕಾಲಿನ್ಸ್ ಎಂಬವರದು. ಅತಿಕ್ರಮಣವೆಂದು ಅವರು ದಾವೆ ಹೂಡಿದರು. 1926ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಗೆರ್ಹಾರ್ಟ್ ಪರ ತೀರ್ಪಿತ್ತಿತು. ಒಂದು ಕಾಲಕ್ಕೆ ಮರದ ದಿಮ್ಮಿ ತೇಲಿಸಿದ ನದಿ ಸಾರ್ವಜನಿಕರ ಸಂಚಾರಕ್ಕೆ ಸೇರಿದ್ದು. ತಳದ ನೆಲ ಯಾರ ಹೆಸರಿನಲ್ಲಿದ್ದರೂ ಅದರ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಜನರದು. ನೀರಿಗಿಳಿಯಲು ಪರರ ಜಮೀನನ್ನು ದಾಟುವಂತಿಲ್ಲ, ಅಷ್ಟೆ. ಹೊಳೆ ಶ್ರೀಮಂತರ ಹಿತ್ತಿಲಾಗದೆ ಉಳಿಯಲು ಈ ತೀರ್ಪು ದೊಡ್ಡ ಆಸರೆ ಎಂದು ನಾನು ನಂಬುತ್ತೇನೆ.

ಸ್ವಯಂ ನಿಯಮದ ಹಾದಿ

ಎಲ್ಲರೂ ಇಳಿಯಬಹುದಾದ ನೀರನ್ನು ಎಲ್ಲರೂ ಬರಿದು ಮಾಡಬಹುದು. 1959ರ ಜುಲೈನಲ್ಲಿ ಔಸಾಬಲ್ ದಡದ ಜಾರ್ಜ್ ಗ್ರಿಫಿತ್ ಅವರ ಮನೆಯಲ್ಲಿ 16 ಮಂದಿ ಸೇರಿದ್ದು ಈ ಚಿಂತೆಯಿಂದಲೇ. ಮರಿಸಾಕಣೆ ಕೇಂದ್ರದಲ್ಲಿ ಬೆಳೆಸಿದ ಮೀನನ್ನು ತಂದು ಸುರಿಯುವುದು ಪರಿಹಾರವಲ್ಲ, ನೀರು ಮತ್ತು ದಡವನ್ನು ಕಾಯ್ದರೆ ಮೀನು ತಾನೇ ಬೆಳೆಯುತ್ತದೆ ಎಂಬುದು ಅವರ ನಿಲುವು. ಆ ಸಭೆಯಿಂದ ಹುಟ್ಟಿದ 'ಟ್ರೌಟ್ ಅನ್‌ಲಿಮಿಟೆಡ್' ಇಂದು ದೇಶವ್ಯಾಪಿ ಸಂಸ್ಥೆ.

ಬರ್ಟನ್ಸ್ ಲ್ಯಾಂಡಿಂಗ್‌ನಿಂದ ವೇಕ್ಲಿ ಸೇತುವೆವರೆಗಿನ ಸುಮಾರು 13 ಕಿಲೋಮೀಟರ್ ಹರಿವನ್ನು ಜನ 'ಹೋಲಿ ವಾಟರ್' ಎನ್ನುತ್ತಾರೆ. ಅಲ್ಲಿ ಕೃತಕ ಹುಳುವಿನಿಂದ ಮಾತ್ರ ಮೀನು ಹಿಡಿಯಬೇಕು, ಹಿಡಿದ ಟ್ರೌಟ್ ಅನ್ನು ಬಿಡಲೇಬೇಕು. ಬಿಡುವುದಕ್ಕೂ ಕ್ರಮವಿದೆ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿರಬೇಕು. ಕೈ ಒದ್ದೆಯಿರಬೇಕು, ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ. ಮೀನನ್ನು ನೀರಿನಲ್ಲೇ ಹಗುರಾಗಿ ಹಿಡಿದು, ಅದರ ಮುಖ ಹರಿವಿನ ಎದುರಿಗಿರುವಂತೆ ಆನಿಸಿ, ಅದು ತಾನೇ ಬಾಲ ಬಡಿದು ಹೋಗುವವರೆಗೆ ಕಾಯಬೇಕು.

ನ್ಯಾಶ್-ಕೆಲ್ವಿನೇಟರ್ ಕಂಪನಿಯ ಮುಖ್ಯಸ್ಥರಾಗಿದ್ದ ಜಾರ್ಜ್ ಮೇಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1954ರಲ್ಲಿ ತೀರಿಕೊಂಡಾಗ, ಹೊಳೆಯ ದಕ್ಷಿಣ ಕವಲಿನ ದಡದ ತಮ್ಮ ಸುಮಾರು 1,500 ಎಕರೆ ಕಾಡನ್ನು ರಾಜ್ಯಕ್ಕೆ ಬಿಟ್ಟುಕೊಟ್ಟಿದ್ದರು. ಅದನ್ನು ಎಂದೂ ಮಾರಕೂಡದು ಎಂಬುದು ಅವರ ಷರತ್ತು.

ಹುಟ್ಟು ಹಾಕುವವರ ರಾತ್ರಿ

ಡೆಟ್ರಾಯಿಟ್‌ನಿಂದ ಗ್ರೇಲಿಂಗ್‌ಗೆ ಮೂರು ಗಂಟೆಯ ದಾರಿ. ಅಲ್ಲಿನ ಕನ್ನಡಿಗರಿಗೂ ವಾರಾಂತ್ಯಕ್ಕೆ ಹೋಗಿಬರುವಷ್ಟು ಹತ್ತಿರ. ಬಾಡಿಗೆಗೆ ಕನೂ, ಕಾಯಾಕ್ ಸಿಗುತ್ತವೆ. ಈಜುಕವಚ ತೊಟ್ಟರೆ ಹೊಸಬರೂ ಈ ಹರಿವನ್ನು ನಿಭಾಯಿಸಬಹುದು. ಗಾಳ ಹಾಕಿ ನಿಂತವರು ಎದುರಾದರೆ ಮಾತು ನಿಲ್ಲಿಸಿ, ಅವರ ಬೆನ್ನ ಹಿಂದಿನಿಂದ ಸಾಗುವುದು ಮರ್ಯಾದೆ.

ಜುಲೈ ಕೊನೆಯಲ್ಲಿ ನಡೆಯುವ ಕನೂ ಮ್ಯಾರಥಾನ್ 1947ರಲ್ಲಿ ಶುರುವಾದದ್ದು. ಶನಿವಾರ ರಾತ್ರಿ 9ಕ್ಕೆ ಇಬ್ಬಿಬ್ಬರ ತಂಡಗಳು ದೋಣಿ ಹೊತ್ತು ಗ್ರೇಲಿಂಗ್‌ನ ಬೀದಿಯಲ್ಲಿ ಓಡಿ ಹೊಳೆಗಿಳಿಯುತ್ತವೆ. 193 ಕಿಲೋಮೀಟರ್ ದೂರದ ಆಸ್ಕೋಡವನ್ನು ಮುಂಚೂಣಿಯವರು ಮುಟ್ಟುವಾಗ ಮರುದಿನ ಮಧ್ಯಾಹ್ನ ಸಮೀಪಿಸಿರುತ್ತದೆ. ನಡುವೆ ಆರು ಅಣೆಕಟ್ಟು. ಪ್ರತಿಯೊಂದರ ಬಳಿಯೂ ದೋಣಿ ಹೊತ್ತು ದಾಟಬೇಕು. ಸೇತುವೆಯಿಂದ ಸೇತುವೆಗೆ ಕಾರಿನಲ್ಲಿ ಹಿಂಬಾಲಿಸುವ ಜನ ರಾತ್ರಿಯಿಡೀ ಹುರಿದುಂಬಿಸುತ್ತಾರೆ.

ಕೆಳಹರಿವಿನ ವಿಷ

ಅದೇ ಆಸ್ಕೋಡದಲ್ಲಿ ಹೊಳೆಗೆ ಬೇರೆ ಸಂಕಟವಿದೆ. 1993ರಲ್ಲಿ ಮುಚ್ಚಿದ ವರ್ಟ್‌ಸ್ಮಿತ್ ವಾಯುನೆಲೆಯಲ್ಲಿ ಬೆಂಕಿ ಆರಿಸಲು ಬಳಸಿದ ನೊರೆಯಿಂದ ಪಿಎಫ್‌ಎಎಸ್ ರಾಸಾಯನಿಕಗಳು ಅಂತರ್ಜಲ ಸೇರಿ ಹೊಳೆಯ ಕಡೆಗೆ ಇಳಿದವು. ಕೆಳಭಾಗದ ಮೀನು ತಿನ್ನುವ ಬಗ್ಗೆ ಆರೋಗ್ಯ ಇಲಾಖೆ ಎಚ್ಚರಿಸಿದೆ. ಮೇಲಿನ ನೀರಿಗೆ ಜೀವ ಕೊಟ್ಟ ಮರಳೇ ಇಲ್ಲಿ ವಿಷಕ್ಕೂ ದಾರಿಯಾಯಿತು.

ಹಾಳಾದದ್ದನ್ನು ಸರಿಪಡಿಸುವ ಕೆಲಸ ಈ ರಾಜ್ಯಕ್ಕೆ ಹೊಸದಲ್ಲ. 2025ರಲ್ಲಿ ಸರ್ಕಾರ ಮತ್ತು ಮೂಲನಿವಾಸಿ ಸಮುದಾಯಗಳು ಕೂಡಿ ಮ್ಯಾನಿಸ್ಟೀ ಮೊದಲಾದ ಮೂರು ನದಿಗಳಿಗೆ ಗ್ರೇಲಿಂಗ್ ಮೊಟ್ಟೆ ಬಿಟ್ಟಿವೆ. ಆದರೆ ಪಿಎಫ್‌ಎಎಸ್ ಗಾಳ ಹಿಡಿದವರ ಸಂಯಮದಿಂದ ಕರಗುವಂಥದ್ದಲ್ಲ. ಮಲಿನ ಅಂತರ್ಜಲವನ್ನು ಎತ್ತಿ ಶುದ್ಧಗೊಳಿಸಬೇಕು. ಅದು ಮಲಿನ ಮಾಡಿದ ವಾಯುಪಡೆಯ ಹೊಣೆ. ಹಿಡಿದ ಮೀನನ್ನು ಬಿಟ್ಟು ತಮ್ಮ ಪಾಲಿನ ಕರ್ತವ್ಯ ಮಾಡಿದ ಜನ ಈಗ ಆ ಲೆಕ್ಕ ಕೇಳಬೇಕು. ಹೊಳೆ ಎಲ್ಲರದೂ ಎಂದು 1926ರಲ್ಲೇ ತೀರ್ಪಾಗಿರುವಾಗ, ಅದನ್ನು ಕೆಡಿಸಿದವರನ್ನು ಪ್ರಶ್ನಿಸುವ ಹಕ್ಕೂ ಎಲ್ಲರದು.