ಕಬ್ಬಿಣದ ಬಾಣ, ಪಳಗಿದ ಕೈ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಇರುವ ಜಿಲ್ಲೆಯಲ್ಲೇ ಟಿಪ್ಪು ಸುಲ್ತಾನನ ಹುಟ್ಟೂರು ದೇವನಹಳ್ಳಿಯೂ ಇದೆ. ಅವನ ಸೇನೆಯ ಹೆಸರಾಂತ ಅಸ್ತ್ರವೆಂದರೆ ರಾಕೆಟ್. ಅದಕ್ಕೆ ಆಗ ಬಾಣವೆಂದೇ ಹೆಸರು. ಬಾಣ ಭಾರತಕ್ಕೆ ಹೊಸದೇನಲ್ಲ. ಆದರೆ ಮೈಸೂರಿನ ಕಬ್ಬಿಣದ ಕೊಳವೆ ಮದ್ದಿನ ಒತ್ತಡವನ್ನು ಹೆಚ್ಚು ತಾಳುತ್ತಿದ್ದುದರಿಂದ ಅದು ದೂರ ಹಾರುತ್ತಿತ್ತು.

ಹೊಸ ಅಸ್ತ್ರ ಬಂದ ಮಾತ್ರಕ್ಕೆ ಸೇನೆ ಬಲಿಯದು. ಟಿಪ್ಪು ಬರೆಯಿಸಿದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೇನಾ ಕೈಪಿಡಿ, ಸಿಪಹದಾರನ ಅಧೀನದ ‘ಕುಶೂನ್’ ಎಂಬ ಪ್ರತಿಯೊಂದು ದಳಕ್ಕೂ 200 ಬಾಣಗಾರರನ್ನು ಗೊತ್ತುಪಡಿಸಿತ್ತು. ಕೊಳವೆಯ ಗಾತ್ರ, ಗುರಿಯ ದೂರ ನೋಡಿ ಎಷ್ಟು ಓರೆಯಾಗಿ ಹಾರಿಸಬೇಕೆಂಬ ಲೆಕ್ಕವನ್ನು ಅವರಿಗೆ ಕಲಿಸಲಾಗುತ್ತಿತ್ತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆ ತೋಪಿನಲ್ಲಿ ಬಾಣ, ಬಂದೂಕುಗಳ ಹೊಡೆತಕ್ಕೆ ಆರ್ಥರ್ ವೆಲ್ಲೆಸ್ಲಿಯ ತುಕಡಿ ಹಿಮ್ಮೆಟ್ಟಿತು.

ಮೇ 4ರಂದು ಕೋಟೆ ಬಿತ್ತು. ಮುಂದೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ರಾಕೆಟ್ಟನ್ನು ಸುಧಾರಿಸಿದ. ಬ್ರಿಟಿಷರೂ ಅದಕ್ಕೆಂದೇ ತುಕಡಿಯೊಂದನ್ನು ಪಳಗಿಸಿ 1813ರಲ್ಲಿ ಲೈಪ್‌ಜಿಗ್ ಯುದ್ಧಕ್ಕಿಳಿಸಿದರು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮೀರಿ ರಾಕೆಟ್ ಕೊಳವೆಗಳು ಸಿಕ್ಕವು. ಕೊಳವೆಗಳು ಉಳಿದಿದ್ದವು, ಓರೆಯ ಲೆಕ್ಕ ಬಲ್ಲ ಕೈಗಳು ಎಂದೋ ಚದುರಿಹೋಗಿದ್ದವು. ಡ್ರೋನ್, ಕಂಪ್ಯೂಟರ್‌ಗಳನ್ನು ನೆಚ್ಚಿಕೊಂಡ ಇಂದಿನ ಸೇನೆಗಳೂ ಅಸ್ತ್ರ ಕೊಳ್ಳುವ ಮೊದಲೇ ಅದನ್ನು ನಡೆಸುವ ದಳಪತಿಗಳನ್ನು ತಯಾರು ಮಾಡಬೇಕಾಗಿದೆ.